ಕಾಗದಕ್ಕೆ ಹಿಂಬದಿ ಇದೆ

ಜೂನ್ 4

ಅಪ್ಪ,

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಶಾಲೆ ಬಿಟ್ಟಾಗಿನಿಂದ ನಾನು ದಿನಾ ಬೆಳಿಗ್ಗೆ ಬರೆಯುತ್ತಿದ್ದೇನೆ.

ಯಾರಿಗಾಗಿಯೂ ಅಲ್ಲ, ಯಾವ ಪರೀಕ್ಷೆಗೂ ಅಲ್ಲ. ಅಂಗಡಿಯ ಶಟರ್ ಎತ್ತುವ ಮೊದಲು ಬಣ್ಣದ ಡಬ್ಬ ಬೋರಲು ಹಾಕಿ ಅದರ ಮೇಲೆ ಕೂತು, ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ, ಸುಮ್ಮನೆ. ನೀನು ಮುಖ ತೊಳೆದು ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಹಾಳೆ ಮಡಚಿ ಟರ್ಪೆಂಟೈನ್ ಕ್ಯಾನಿನ ಹಿಂದೆ ತುರುಕುತ್ತಿದ್ದೆ. "ಏನೇ ಬುಗುರಿ, ಇಷ್ಟ್ ಬೇಗ ಅಂಗಡೀಲಿ ಏನ್ ಮಾಡ್ತಿದ್ದೀಯ?" ಅಂದರೆ "ಗುಡಿಸ್ತಿದ್ದೀನಿ" ಅನ್ನುತ್ತಿದ್ದೆ. ನಾನು ನಿನಗೆ ಹೇಳಿದ ಸುಳ್ಳು ಅದೊಂದೇ. ನೆಲದ ಕಡೆ ಒಮ್ಮೆ ನೋಡಿದ್ದರೆ ನಿನಗೇ ತಿಳಿಯುತ್ತಿತ್ತು.

ಮುಚ್ಚಿಟ್ಟದ್ದಕ್ಕೆ ಕಾರಣ ಜಂಬ. ಪುಸ್ತಕದ ಚೀಲವನ್ನು ಅಟ್ಟಕ್ಕೆ ಎಸೆದ ದಿನ "ಇನ್ನು ಈ ಜನ್ಮದಲ್ಲಿ ಪೆನ್ನು ಮುಟ್ಟಲ್ಲ" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದವಳು ನಾನೇ ತಾನೆ. ನೀನು "ಮುಟ್ಬೇಡ. ನನ್ನ ಬ್ರಷ್ಷೂ ಮುಟ್ಬೇಡ" ಅಂದೆ. ನಿನ್ನ ಸಿಟ್ಟು ಕರಗಿ ನನ್ನ ಕೈಗೆ ಬ್ರಷ್ ಕೊಡಲು ಒಂದು ವರ್ಷ ಹಿಡಿಯಿತು. ಪೆನ್ನಿನ ವಿಷಯ ಒಪ್ಪಿಕೊಳ್ಳಲು ನನಗೆ ಅದಕ್ಕಿಂತ ಹೆಚ್ಚು ಹಿಡಿದಿದೆ.

ಈಗ ಹೇಳುತ್ತಿರುವುದಕ್ಕೂ ಕಾರಣ ಇದೆ. ನಿನ್ನೆ ಅತ್ತೆ ಫೋನ್ ಮಾಡಿದ್ದಳು. ವ್ಯಾಯಾಮ ಮಾಡಿಸುವ ಹೆಂಗಸು ನಿನ್ನ ಎಡಗೈಗೆ ಪೆನ್ಸಿಲ್ ಕೊಟ್ಟರೆ ನೀನು ಅದನ್ನು ಕಿಟಕಿಯಾಚೆ ಎಸೆದೆಯಂತೆ. "ಬರೆಯೋ ಕೈ ಹೋಯ್ತು" ಅಂದೆಯಂತೆ. ಲಕ್ವ ಹೊಡೆದು ಅತ್ತೆಯ ಊರಿಗೆ ಹೋದಮೇಲೆ ನೀನು ಆಡಿದ ಪೂರ್ತಿ ಮಾತು ಅದೊಂದೇ ಅಂತೆ.

ಅಪ್ಪ, ಹೋದದ್ದು ಬೋರ್ಡು ಬರೆಯುವ ಕೈ. ನಾನು ಹೇಳುತ್ತಿರುವ ಬರವಣಿಗೆಯೇ ಬೇರೆ. ಅದನ್ನು ನೀನು ಜನ್ಮದಲ್ಲಿ ಮಾಡಿಯೇ ಇಲ್ಲ! ಇಷ್ಟು ವರ್ಷ ಈ ಬೀದಿಗಳಲ್ಲಿ ಊರವರ ಮಾತನ್ನೆಲ್ಲ ಬರೆದೆ, ಕ್ಷೌರದಂಗಡಿಯದು, ಔಷಧಿ ಅಂಗಡಿಯದು, "ಇಲ್ಲಿ ಗಾಡಿ ನಿಲ್ಲಿಸಬೇಡಿ". ನಿನ್ನದೇ ಆದ ಒಂದು ವಾಕ್ಯ ಎಲ್ಲಾದರೂ ಇದೆಯಾ? ಹುಡುಕಿದೆ. ಸಿಗಲಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಹಿಡಿದರೆ ನನಗೆ ಕೇಳುವುದು ನಿನ್ನ ಉಸಿರು, ಆಮೇಲೆ ಅತ್ತೆಯ ದನಿ. ಅದಕ್ಕೇ ಕಾಗದ. ಎಡಗೈಯಲ್ಲಿ ದಿನಾ ಒಂದಿಷ್ಟು ಗೀಚು. ಏನನ್ನಾದರೂ. ನನಗೆ ಕಳಿಸಬೇಕಾಗಿಲ್ಲ.

ಪತ್ರವನ್ನು "ತೀರ್ಥರೂಪ" ಅಂತ ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಆ ಪಾಠದ ದಿನ ನಾನು ಬಂದಿರಲಿಲ್ಲ ಅಂದುಕೋ.

ನಿನ್ನ
ಬುಗುರಿ


ಜೂನ್ 15

ಬುಗುರಿ,

ನಿನ್ನ ಕಾಗದ ನಿಮ್ಮಪ್ಪನಿಗೆ ಓದಿದೆ. ಮುಗಿದಮೇಲೆ ಬೆರಳು ಸುತ್ತಿ ತೋರಿಸಿದ, ಮತ್ತೆ ಓದು ಅಂತ. ಓದಿದೆ. ನೆಲ ಗುಡಿಸದ ವಿಷಯ ಬಂದಾಗ ಬಾಯಿಯ ಒಂದು ಕಡೆ ನಕ್ಕಿತು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ. ನಲವತ್ತು ವರ್ಷ ನರ್ಸ್ ಆಗಿದ್ದವಳು ನಾನು, ಎಂಥೆಂಥ ಹಟದ ರೋಗಿಗಳನ್ನೋ ನೋಡಿದ್ದೇನೆ. ನನ್ನ ತಮ್ಮನ ಮುಂದೆ ಅವರೆಲ್ಲ ಹಸುಗಳು.

ಇನ್ನೊಂದು ಸಂಗತಿ. ನಿಮ್ಮ ಅಂಗಡಿಯ ಮಾಲೀಕರು ಫೋನ್ ಮಾಡಿದ್ದರು. ಪಕ್ಕದ ಫ್ಲೆಕ್ಸ್ ಅಂಗಡಿಯವನು ಜಾಗ ತನಗೆ ಬೇಕು ಅಂತ ಕೇಳಿದ್ದಾನಂತೆ. ಆಗಸ್ಟ್ ಮುಗಿಯುವುದರೊಳಗೆ ಒಂದು ಮಾತು ಹೇಳಿ ಅಂದರು. ನಿಮ್ಮಪ್ಪ ತಡವರಿಸಿಕೊಂಡು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ: "ಅಂಗಡಿ ಮುಚ್ಚು. ಏಣಿ ಮಾರು. ಶಾಲೆಗೆ ಹೋಗು."

ನನ್ನ ಅಭಿಪ್ರಾಯ ಕೇಳಬೇಡ. ನೀನು ಆ ಏಣಿಯ ಮೇಲೆ ಒಬ್ಬಳೇ ನಿಂತದ್ದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಇವನು ಗೋಡೆ ನೋಡುತ್ತ ಮಲಗಿದ್ದನ್ನು ನೋಡಿದರೂ ಬರುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತೆ


ಜೂನ್ 22

ಅಪ್ಪ,

ಮುಚ್ಚುವುದಿಲ್ಲ.

ಕಾರಣ ಆಮೇಲೆ ಹೇಳುತ್ತೇನೆ, ಮೊದಲು ಹಲ್ಲಿನ ಡಾಕ್ಟರ ಕಥೆ ಕೇಳು. ಮೂಲೆ ಕಟ್ಟಡಕ್ಕೆ ಹೊಸದಾಗಿ ಬಂದಿದ್ದಾರೆ. ಬೋರ್ಡಿನಲ್ಲಿ "ನೋವಿಲ್ಲದೆ ಹಲ್ಲು ಕೀಳಲಾಗುವುದು" ಅಂತ ಬರೆಯಬೇಕಂತೆ.

"ನಿಜವಾಗ್ಲೂ ನೋವಾಗಲ್ವಾ ಸಾರ್?" ಅಂತ ಕೇಳಿದೆ.

"ಸ್ವಲ್ಪ ಆಗುತ್ತಮ್ಮ. ಹಲ್ಲು ತಾನೆ."

"ಹಾಗಾದ್ರೆ 'ಸ್ವಲ್ಪ ನೋವಿನಿಂದ' ಅಂತ ಬರೀಲಾ?"

"ನೀನು ಬೋರ್ಡ್ ಬರೆಯೋಳೋ, ನನ್ನ ಗಿರಾಕಿ ಓಡಿಸೋಳೋ?" ಅಂತ ಎದ್ದುಹೋದರು. ನೀನಿದ್ದಿದ್ದರೆ ನನ್ನ ತಲೆಗೆ ಒಂದು ಬಿಗಿಯುತ್ತಿದ್ದೆ, ಗೊತ್ತು. ಆದರೆ ಮಾರನೇ ದಿನ ಅವರೇ ಬಂದು "ಬರೀ 'ಹಲ್ಲಿನ ವೈದ್ಯರು' ಅಂತ ಬರಿ ಸಾಕು, ಬೇರೆ ಏನೂ ಮಾತಾಡ್ಬೇಡ" ಅಂದರು.

ತಗಡನ್ನು ಎರಡನೇ ಮಹಡಿಯ ಗೋಡೆಗೆ ಮೊದಲೇ ಹೊಡೆಸಿದ್ದಾರೆ, ಅಕ್ಷರ ಅಲ್ಲೇ ಹತ್ತಿ ಬರೆಯಬೇಕು. ನಾನು ಏಣಿಯ ಅರ್ಧಕ್ಕೆ ಹೋಗಿ ಇಳಿದುಬಂದೆ. ಇಳಿದವಳೇ ಎಲ್ಲರ ಮೇಲೂ ಹರಿಹಾಯ್ದೆ. ಬೀಗ ರಿಪೇರಿಯವನ ಗಾಡಿ ಅಡ್ಡ ಇದೆ, ಬಣ್ಣ ತೆಳುವಾಗಿದೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ. ದಿನವಿಡೀ ಬುಸುಗುಟ್ಟಿದೆ. ಮರುದಿನ ಬೆಳಿಗ್ಗೆ ಡಬ್ಬದ ಮೇಲೆ ಕೂತು ಎಲ್ಲರನ್ನೂ ಬೈದು ಬರೆಯತೊಡಗಿದೆ. ಬೀಗದವನನ್ನು ಬೈದೆ, ಡಾಕ್ಟರನ್ನು ಬೈದೆ, ಬಿಸಿಲನ್ನು ಬೈದೆ. ಬೈಯಲು ಯಾರೂ ಉಳಿಯದಾದಾಗ ಪೆನ್ನು ತಾನಾಗಿ ಬರೆಯಿತು: "ನನಗೆ ಏಣಿ ಹತ್ತಲು ಭಯ."

ಅದನ್ನು ಓದಿ ನಾನೇ ಬೆಚ್ಚಿದೆ. ನನಗೇ ಗೊತ್ತಿರಲಿಲ್ಲ. ನಿನ್ನ ಜೊತೆ ಇದ್ದಷ್ಟು ದಿನ ಕೋತಿಯ ಹಾಗೆ ಹತ್ತಿದವಳು. ಗೊತ್ತಾದಮೇಲೆ ಮಾಡುವುದು ಸುಲಭವಾಯಿತು. ಏಣಿಯ ತಲೆಯನ್ನು ಕಿಟಕಿಯ ಸರಳಿಗೆ ಹಗ್ಗದಲ್ಲಿ ಕಟ್ಟಿದೆ, ಬುಡಕ್ಕೆ ಮರಳಿನ ಚೀಲ ಇಟ್ಟೆ, ಹತ್ತಿದೆ. ಭಯ ಹೋಗಲಿಲ್ಲ. ಆದರೆ ಅದು ಭಯ ಅಂತ ಗೊತ್ತಿತ್ತು, ಹಾಗಾಗಿ ಯಾರ ಮೇಲೂ ಎಗರಲಿಲ್ಲ.

ನಾನು ಬರೆಯುವುದು ಇದಕ್ಕೇ ಅಪ್ಪ. ಬುದ್ಧಿವಂತಳಾಗಲು ಅಲ್ಲ. ಒಳಗೆ ಗಿರ್ರೆನ್ನುತ್ತಿರುವುದು ಏನು ಅಂತ ಕಣ್ಣಿಗೆ ಕಾಣಲಿ ಅಂತ. ಮತ್ತೆ, ನಿಜ ಹೇಳುತ್ತೇನೆ, ಮಜಾ ಬರುತ್ತದೆ ಅಂತ. ಶಾಲೆಯಲ್ಲಿ "ನನ್ನ ಮನೆ" ಅಂತ ಪ್ರಬಂಧ ಬರೆಸಿದರು. ಎಲ್ಲರ ಮನೆಯೂ ಚಿಕ್ಕದಾಗಿ ಚೊಕ್ಕವಾಗಿತ್ತು. ನಮ್ಮ ಮನೆಯಲ್ಲಿ ಅನ್ನಕ್ಕೂ ಟರ್ಪೆಂಟೈನ್ ವಾಸನೆ ಎಂದು ನಾನು ಬರೆದೆ. ಟೀಚರ್ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ "ಇದನ್ನೆಲ್ಲ ಯಾರು ಕೇಳಿದ್ರು?" ಅಂದರು. ಯಾರೂ ಕೇಳಿರಲಿಲ್ಲ. ಯಾರೂ ಕೇಳದೆ ಬರೆಯುವುದರಲ್ಲೇ ರುಚಿ ಇರುವುದು ಅಂತ ಶಾಲೆ ಬಿಟ್ಟಮೇಲೆ ತಿಳಿಯಿತು. (ಲೆಕ್ಕದಲ್ಲಿ ಫೇಲಾದದ್ದೂ ಶಾಲೆ ಬಿಡಲು ಕಾರಣ. ಪೂರ್ತಿ ಟೀಚರ ತಲೆಗೆ ಕಟ್ಟುವುದಿಲ್ಲ.)

ನಿನ್ನ ಬಲಗೈ ಮೊದಲಿನಂತಾಗುತ್ತದೆ ಎಂದು ನಾನು ಹೇಳುವುದಿಲ್ಲ. ಬ್ರಷ್ ಹಿಡಿಯುವಷ್ಟು ಬರುವುದು ಅನುಮಾನ ಎಂದು ಆಸ್ಪತ್ರೆಯ ಡಾಕ್ಟರು ನನಗೆ ಹೇಳಿದ್ದಾರೆ, ನಿನಗೂ ಹೇಳಿದ್ದಾರೆ. ಆದ್ದರಿಂದ ಒಂದು ಒಪ್ಪಂದ. ಆಗಸ್ಟ್ ತನಕ ದಿನಾ ಎಡಗೈಯಲ್ಲಿ ಬರಿ. ಅಷ್ಟಾದಮೇಲೂ "ಮುಚ್ಚು" ಅಂದರೆ ನಾನೇ ಬೀಗ ಹಾಕಿ ಕೀಲಿಯನ್ನು ಮಾಲೀಕರ ಕೈಗೆ ಕೊಟ್ಟು ಬರುತ್ತೇನೆ. ಒಂದು ಮಾತೂ ಎದುರಾಡುವುದಿಲ್ಲ. ನಾನು ಎದುರಾಡದೇ ಇರುವುದನ್ನು ನೋಡುವುದಕ್ಕಾದರೂ ನೀನು ಬರೆಯಬೇಕು.

ಬುಗುರಿ


ಜುಲೈ 10

ಬುಗುರಿ,

ಇದರ ಜೊತೆ ಇಟ್ಟಿರುವ ಹಾಳೆ ನಿಮ್ಮಪ್ಪನದು. ಒಂದು ವಾರದಿಂದ ಇದರ ಮೇಲೇ ಬಿದ್ದಿದ್ದ. ಸ್ಕೇಲು ಬೇಕು ಅಂದ, ಕೊಟ್ಟೆ. ನಾನು ಸ್ಕೇಲು ಒತ್ತಿ ಹಿಡಿಯಬೇಕು, ಅವನು ಎಡಗೈಯಲ್ಲಿ ಗೆರೆ ಎಳೆಯಬೇಕು. ಗೆರೆ ಸೊಟ್ಟಗಾದರೆ ಹರಿದು ಇನ್ನೊಂದು ಹಾಳೆ. ಆಮೇಲೆ ಬೆರಳಲ್ಲಿ ಏನೋ ಎಣಿಸಿ, ಸರಿಯಾಗಿ ನಡುವೆ ಗುರುತು ಹಾಕಿ, ಒಂದು ಪದ ಬರೆದ. ಅದರ ಆಚೆ ಈಚೆ ಏನೂ ಬರಲಿಲ್ಲ. ಬೆವರಿಹೋದ. "ಆಗಲ್ಲ ಅಕ್ಕ" ಅಂದು ಪೆನ್ಸಿಲ್ ಇಟ್ಟುಬಿಟ್ಟ. ಎಸೆಯಲಿಲ್ಲ, ಅದೇ ನನಗೆ ಸಮಾಧಾನ.

ಕಳಿಸಬೇಡ ಅಂದಿದ್ದ. ಕಳಿಸುತ್ತಿದ್ದೇನೆ. ನನಗೆ ಇದರ ತಲೆಬುಡ ತಿಳಿಯಲಿಲ್ಲ.

ಅತ್ತೆ


ಜುಲೈ 14

ಅಪ್ಪ,

ನಿನ್ನ ಹಾಳೆ ಬಂತು. ಮೇಲೆ ಕೆಳಗೆ ಪೆನ್ಸಿಲ್ ಗೆರೆ, ಎಡಬಲ ಸಮವಾಗಿ ಬಿಟ್ಟ ಜಾಗ, ನಟ್ಟನಡುವೆ ಒಂದೇ ಪದ: "ಹೆದರಿಕೆ".

ಅತ್ತೆಗೆ ತಿಳಿಯಲಿಲ್ಲವಂತೆ. ನನಗೆ ನೋಡಿದ ಕೂಡಲೇ ತಿಳಿದು ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ನೀನು ಬೋರ್ಡು ಬರೆಯಲು ಹೊರಟಿದ್ದೆ. ನನಗೆ ಕಲಿಸಿದ ಮೊದಲ ಪಾಠ ಅದೇ ಅಲ್ಲವಾ? ಪದಗಳನ್ನೆಲ್ಲ ಎಣಿಸು, ನಡುವಿನದನ್ನು ಮೊದಲು ಕೂರಿಸು, ಅಲ್ಲಿಂದ ಎರಡೂ ಕಡೆಗೆ ಹೋಗು. ಎಡದಿಂದ ದಡಬಡ ಶುರು ಮಾಡಿದರೆ ಕೊನೆಯಲ್ಲಿ ಜಾಗ ಸಾಲದೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ.

ಬೋರ್ಡಿಗೆ ಅದು ಸರಿ. ಬೋರ್ಡಿನಲ್ಲಿ ಏನು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಗಿರಾಕಿ ಚೀಟಿ ಕೊಟ್ಟಿರುತ್ತಾನೆ. ಇದಕ್ಕೆ ಚೀಟಿ ಯಾರು ಕೊಡುತ್ತಾರೆ? ಇದನ್ನು ಯಾರೂ ಗೋಡೆಗೆ ಹೊಡೆಯುವುದಿಲ್ಲ, ಬೀದಿಯವರು ಕತ್ತೆತ್ತಿ ನೋಡುವುದಿಲ್ಲ. ಮೇಲಿನ ಎಡ ಮೂಲೆಯಲ್ಲಿ ಶುರು ಮಾಡು, ಕೈ ಹೋದ ಕಡೆ ಹೋಗು. ಗೆರೆ ಬೇಡ. ಸೊಟ್ಟಗಾಗಲಿ. ಜಾಗ ಸಾಲದಿದ್ದರೆ ಹಾಳೆ ತಿರುಗಿಸು. ಕಾಗದಕ್ಕೆ ಹಿಂಬದಿ ಇದೆ ಅಪ್ಪ, ಬೋರ್ಡಿಗಿಲ್ಲ.

ಏನು ಹೆದರಿಕೆ, ಯಾರ ಹೆದರಿಕೆ ಅಂತ ನಾನು ಕೇಳುವುದಿಲ್ಲ. ಕಾಗದಕ್ಕೆ ಹೇಳು.

ಧೈರ್ಯಕ್ಕಿರಲಿ ಅಂತ ನನ್ನ ಒಂದು ಬೆಳಗಿನ ಹಾಳೆಯಿಂದ ನಕಲು ಮಾಡಿ ಕಳಿಸುತ್ತಿದ್ದೇನೆ. ತಿದ್ದಿಲ್ಲ:

"ಬೀಗ ರಿಪೇರಿಯವನು ತನ್ನ ಅಂಗಡಿಯ ಕೀಲಿಯನ್ನೇ ಕಳೆದುಕೊಂಡಿದ್ದಾನೆ. ಒಂದು ತಂತಿ ಸಿಕ್ಕಿದರೆ ಅವನಿಗೆ ಆ ಬೀಗ ಎಷ್ಟರದು. ಆದರೆ ಬೀದಿಯಲ್ಲಿ ಜನ ಓಡಾಡುತ್ತಿದ್ದಾರೆ. ಸ್ವಂತ ಬೀಗ ಒಡೆಯುವುದನ್ನು ಗಿರಾಕಿಗಳು ನೋಡಿದರೆ ಮಾನ ಉಳಿಯುತ್ತದೆಯೇ? ಅದಕ್ಕೇ ಗಾಳಿ ಸೇವನೆಗೆ ಬಂದವನ ಹಾಗೆ ಕೈ ಹಿಂದೆ ಕಟ್ಟಿ ನಿಂತಿದ್ದಾನೆ. ನಾನು ನೋಡಿದೆ. ಅವನು ನಾನು ನೋಡಿದ್ದನ್ನು ನೋಡಿದ. 'ಏನಮ್ಮ, ಮೋಡ ಕವಿದಿದೆ' ಅಂದ. ಒಂದು ಚೂರೂ ಮೋಡ ಇರಲಿಲ್ಲ. 'ಹೌದಣ್ಣ, ಭಾರಿ ಮೋಡ' ಅಂದೆ."

(ಹಾಗಾದರೆ ಇದು ನನ್ನ ಎರಡನೇ ಸುಳ್ಳು. ಮೊದಲ ಪತ್ರದಲ್ಲಿ ಒಂದೇ ಅಂದಿದ್ದು ನಿನಗೆ ಹೇಳಿದ ಸುಳ್ಳು.)

ಬರೆಯದೇ ಇದ್ದಿದ್ದರೆ ನಾನು ಇದನ್ನು ನೋಡುತ್ತಲೇ ಇರಲಿಲ್ಲ. ನಾಳೆ ಏನು ಬರೆಯಲಿ ಎಂಬ ಚಪಲಕ್ಕೆ ಇಡೀ ದಿನ ಕಣ್ಣು ತೆರೆದಿರುತ್ತದೆ. ನಿನ್ನ ಕಿಟಕಿಯಲ್ಲಿ ಏನು ಕಾಣುತ್ತದೆ? ಗೋಡೆ ಕಡೆಯಿಂದ ಈ ಕಡೆ ತಿರುಗಿ ನೋಡು.

ಬುಗುರಿ


ಆಗಸ್ಟ್ 5

ಬುಗುರಿ,

ಎರಡೇ ಮಾತು. ನಿಮ್ಮಪ್ಪ ಬೆಳಿಗ್ಗೆ ಚಹಾ ಕುಡಿದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಾನೆ. ಒಳಗಿಂದ ಗೊಣಗಾಟ ಕೇಳುತ್ತದೆ, ಬರೆಯುವ ಪದವನ್ನು ಬಾಯಲ್ಲೂ ಹೇಳಿಕೊಳ್ಳುತ್ತಾನೆ. ನಾನು ಇಣುಕಿದರೆ ಹಾಳೆಯ ಮೇಲೆ ಮೊಣಕೈ ಊರಿ ಮುಚ್ಚುತ್ತಾನೆ, ಥೇಟ್ ಚಿಕ್ಕವನಿದ್ದಾಗಿನ ಹಾಗೆ. ನಿನ್ನೆ ಸಾರಿಗೆ ಉಪ್ಪು ಕಡಿಮೆ ಅಂತ ನನ್ನ ಜೊತೆ ಜಗಳ ಆಡಿದ. ಎಷ್ಟು ದಿನ ಆಗಿತ್ತು, ಖುಷಿಯಿಂದ ಉಪ್ಪಿನ ಡಬ್ಬ ತಂದು ಮುಂದೆ ಕುಕ್ಕಿದೆ.

ಎಡಗಾಲು ಮುಂದಿಟ್ಟು, ಬಲಗಾಲು ಎಳೆದು, ಕೋಲೂರಿ ಗೇಟಿನವರೆಗೆ ಹೋಗುತ್ತಾನೆ. ಎದುರುಮನೆಯವರ ಮೇಲೆ ಅದೇನೋ ಕಣ್ಣಿಟ್ಟಿದ್ದಾನೆ.

ಮಾಲೀಕರು ಮತ್ತೆ ಫೋನ್ ಮಾಡಿದ್ದರು. ಈ ಸಲ "ಮುಚ್ಚು" ಅನ್ನಲಿಲ್ಲ. "ಯೋಚನೆ ಮಾಡ್ತೀನಿ" ಅಂದ. ತುಂಬ ಆಸೆ ಇಟ್ಟುಕೊಳ್ಳಬೇಡ.

ಅತ್ತೆ


ಆಗಸ್ಟ್ 12

ಅಪ್ಪ,

ಫ್ಲೆಕ್ಸ್ ಅಂಗಡಿಯವನು ಬಂದಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೇಡ ಅನ್ನುವುದು ಸುಲಭವಿತ್ತು. "ನೋಡು ತಂಗಿ, ಜಾಗ ನನಗೆ ಬಿಟ್ಕೊಡಿ. ನಿನಗೆ ಕಂಪ್ಯೂಟರ್ ಮುಂದೆ ಕೆಲಸ ಕೊಡ್ತೀನಿ. ಫ್ಯಾನ್ ಕೆಳಗೆ ಕೂತ್ಕೊಂಡು ಅಕ್ಷರ ಜೋಡ್ಸು. ಏಣಿ ಗೀಣಿ ಏನೂ ಬೇಡ" ಅಂದ.

ನನಗೆ ಆಸೆಯಾಯಿತು. ಹೇಳದೇ ಇದ್ದರೆ ತಪ್ಪಾಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಆ ಫ್ಯಾನಿನ ಗಾಳಿ ಅವನ ಅಂಗಡಿಯಿಂದ ನಮ್ಮ ಅಂಗಡಿಗೂ ಬರುತ್ತದೆ ಗೊತ್ತಾ?

ಕೆಲವು ಬೆಳಗು ಅದೇ ವಿಷಯ ಬರೆದೆ. ಮೊದಲ ದಿನ, ಅಂಗಡಿ ಬಿಡಬಾರದು, ಅಪ್ಪನಿಗೋಸ್ಕರ, ಅಂತ ಬಹಳ ದೊಡ್ಡ ಮನಸ್ಸಿನವಳ ಹಾಗೆ ಬರೆದಿದ್ದೆ. ಮರುದಿನ ಓದಿದರೆ ಸುಳ್ಳು ವಾಸನೆ ಹೊಡೆಯಿತು. ಹರಿಯಲಿಲ್ಲ, ಕೆಳಗೆ "ಇದು ನಿಜವಾ?" ಅಂತ ಬರೆದೆ. ಅದರ ಕೆಳಗೆ ಬರೆಯುತ್ತ ಬರೆಯುತ್ತ ಗೊತ್ತಾಯಿತು. ನಿನಗೋಸ್ಕರ ಅಲ್ಲ ಅಪ್ಪ. ಒದ್ದೆ ಬ್ರಷ್ ತಗಡಿನ ಮೇಲೆ ಜಾರುವಾಗ ನನ್ನ ತಲೆಯೊಳಗಿನ ಗಿರಗಿರ ನಿಲ್ಲುತ್ತದೆ. ಬೆಳಿಗ್ಗೆ ಹಾಳೆಯ ಮೇಲೆ ನಿಲ್ಲುತ್ತದೆ, ಆಮೇಲೆ ಏಣಿಯ ಮೇಲೆ. ಬೇರೆ ಎಲ್ಲೂ ನಿಲ್ಲುವುದಿಲ್ಲ. ಶಾಲೆಯ ಬೆಂಚಿನ ಮೇಲೆ ನಿಂತಿರಲಿಲ್ಲ, ಕಂಪ್ಯೂಟರ್ ಮುಂದೆಯೂ ನಿಲ್ಲುವುದಿಲ್ಲ. ಹಾಗಾಗಿ ಬೇಡ ಅಂದೆ. "ಯೋಚನೆ ಮಾಡು ತಂಗಿ" ಅಂದ. "ಬರೆದು ನೋಡಿದೀನಣ್ಣ" ಅಂದೆ. ಅವನಿಗೆ ಅರ್ಥವಾಗಲಿಲ್ಲ.

ಒಪ್ಪಂದ ಒಪ್ಪಂದವೇ. ನೀನು ಮುಚ್ಚು ಅಂದರೆ ಮುಚ್ಚುತ್ತೇನೆ. ಆಮೇಲೆ ಇನ್ನೊಬ್ಬರ ಹತ್ತಿರ ಹೋಗಿ ಬ್ರಷ್ ಹಿಡಿಯುತ್ತೇನೆ, ಅದನ್ನು ಬಿಡುವುದಿಲ್ಲ. ಅದು ಒಪ್ಪಂದದಲ್ಲಿ ಇರಲಿಲ್ಲ.

ಒಂದು ಕಷ್ಟ ಮಾತ್ರ ಇದೆ. ಮೇಲೆ ನಿಂತವರಿಗೆ ಸಾಲು ನೆಟ್ಟಗಿದೆಯೋ ಇಲ್ಲವೋ ಕಾಣುವುದಿಲ್ಲ. ಹಲ್ಲಿನ ಡಾಕ್ಟರ ಬೋರ್ಡಿಗೆ ಆರೇಳು ಸಲ ಇಳಿದು, ರಸ್ತೆ ದಾಟಿ, ನೋಡಿ, ಮತ್ತೆ ಹತ್ತಿದೆ. ಅಷ್ಟಾದರೂ ಸಾಲು ಬಲಗಡೆ ಒಂದು ಕೂದಲಷ್ಟು ಇಳಿದಿದೆ. ಅವರಿಗೆ ಗೊತ್ತಾಗಿರಲಿಲ್ಲ, ನಾನೇ ಹೇಳಿಬಿಟ್ಟೆ. ನಿನ್ನ ಕಾಲದಲ್ಲಿ ಅಮ್ಮ ಎದುರು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು, ಅವಳು ತೀರಿಕೊಂಡಮೇಲೆ ನಾನು. ಈಗ ಕೆಳಗೆ ಯಾರೂ ಇಲ್ಲ. ಅದಕ್ಕೆ ಕೈ ಬೇಕಾಗಿಲ್ಲ ಅಪ್ಪ. ಕಣ್ಣು ಬೇಕು, ಬೈಯಲು ಬಾಯಿ ಬೇಕು. ಎರಡೂ ಬಂದಿವೆ ಅಂತ ಅತ್ತೆ ಬರೆದಿದ್ದಾಳೆ.

ನಮ್ಮ ಅಂಗಡಿಯ ಬೋರ್ಡೇ ಮಾಸಿಹೋಗಿದೆ. ಅದನ್ನು ನಾನು ಒಬ್ಬಳೇ ಮುಟ್ಟುವುದಿಲ್ಲ.

ಬುಗುರಿ


ಆಗಸ್ಟ್ 26

ಬುಗುರಿ,

ಇದು ನನ್ನ ಎಡಗೈ. ಗೆರೆ ಹಾಕಿಲ್ಲ. ಸಾಲು ಗುಡ್ಡ ಹತ್ತುತ್ತಿದೆ, ನೋಡಿಕೋ. ಒಂದು ಪುಟಕ್ಕೆ ಒಂದು ಬೆಳಗು ಬೇಕು. ಈ ಕಾಗದಕ್ಕೆ ಎರಡು ಮೂರು ಬೆಳಗು ಹಿಡಿದೀತು.

ಎದುರುಮನೆಯ ಮುದುಕ ದಿನಾ ಸ್ಕೂಟರ್ ಒರೆಸುತ್ತಾನೆ. ಓಡಿಸುವುದಿಲ್ಲ. ಒರೆಸಿ, ಅದರ ಮೇಲೆ ಕೂತು, ಇಳಿದು ಒಳಗೆ ಹೋಗುತ್ತಾನೆ. ಮೊದಲು ಹುಚ್ಚ ಅಂತ ಬರೆದೆ. ಆಮೇಲೆ ಅವನ ಬಗ್ಗೆ ತುಂಬ ಬರೆದೆ. ಈಗ ಹುಚ್ಚ ಅನ್ನಿಸುವುದಿಲ್ಲ. ಅವನ ಬಗ್ಗೆ ಬರೆದದ್ದು ಅರ್ಧ ನನ್ನ ಬಗ್ಗೆಯೇ ಇತ್ತು. ಮೊನ್ನೆ ಗೇಟಿನ ಹತ್ತಿರ ಮಾತಾಡಿಸಿದೆ. ಅವನಿಗೂ ನನ್ನ ಮಾತು ಅರ್ಥವಾಗುತ್ತದೆ.

ನಿಮ್ಮಮ್ಮನ ಬಗ್ಗೆ ಬರೆಯಲು ಕೂತೆ. ಕೆಳಗೆ ನಿಂತು "ಎಡಗಡೆ ಇಳೀತು ನೋಡಿ" ಅನ್ನುತ್ತಿದ್ದಳು. ಅದಕ್ಕಿಂತ ಮುಂದೆ ಇನ್ನೂ ಹೋಗಿಲ್ಲ. ಹೋಗುತ್ತೇನೆ.

ಆವತ್ತು ನಡುವಿನ ಪದ ಮಾತ್ರ ಬಂದಿತ್ತಲ್ಲ. ಪೂರ್ತಿ ಇದು:

ಏಣಿಯ ಮೇಲೆ ಹೆದರಿಕೆ ನನಗೂ ಇತ್ತು.

ಪ್ರತಿ ಸಲ ಇತ್ತು. ಕೆಳಗೆ ಅವಳಿದ್ದಳು, ಆಮೇಲೆ ನೀನಿದ್ದೆ. ಇಬ್ಬರಿಗೂ ಹೇಳಲಿಲ್ಲ. ನನ್ನದೇ ವಾಕ್ಯ ಎಲ್ಲಿ ಅಂತ ಕೇಳಿದೆಯಲ್ಲ. ಇದು.

ಮಾಲೀಕರಿಗೆ ಫೋನ್ ಮಾಡಿದೆ. ಅಕ್ಕ ಮಾತಾಡುತ್ತೇನೆ ಅಂದಳು, ನಾನೇ ಮಾತಾಡಿದೆ. ಬಿಡುವುದಿಲ್ಲ ಅಂದೆ. ಎರಡು ಸಲ ಹೇಳಬೇಕಾಯಿತು, ಎರಡನೇ ಸಲ ಸರಿಯಾಗಿ ಬಂತು.

ಶಾಲೆಯ ವಿಷಯದಲ್ಲಿ ನಾನು ಸೋತಿಲ್ಲ. ಎದುರು ಕೂತು ಜಗಳ ಆಡೋಣ. ಹಲ್ಲಿನ ಡಾಕ್ಟರ ಬೋರ್ಡನ್ನು ತಿದ್ದಬೇಡ, ಎಷ್ಟು ಇಳಿದಿದೆ ಅಂತ ನಾನು ನೋಡಬೇಕು. ನೆಲ ಗುಡಿಸಿರು. ಡಬ್ಬ ಇನ್ನೊಂದು ಬೋರಲು ಹಾಕು.

ಇದೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಈ ಕಾಗದಕ್ಕಿಂತ ಮೊದಲು ನಾನೇ ಬಂದು ತಲುಪಿದರೂ ತಲುಪಬಹುದು. ಆದರೂ ಬರೆಯಬೇಕು ಅನ್ನಿಸಿತು, ಬರೆದೆ.

ಜಾಗ ಮುಗಿಯಿತು. ಹಾಳೆ ತಿರುಗಿಸಿದ್ದೇನೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ಅಪ್ಪ